ವಿಶ್ವ ಕುಗ್ಗಲು ಶುರುವಾಗಿದೆಯೇ? ಸಿಡಿದ ನಕ್ಷತ್ರದ ಬೆಳಕು, ಬಣ್ಣ ಮತ್ತು ಅದರ ತವರಿನ ಲೆಕ್ಕ

“ನೊಬೆಲ್ ಸಿಕ್ಕ ಲೆಕ್ಕವೇ ತಪ್ಪಂತೆ. ವಿಶ್ವ ಹಿಗ್ಗುವುದು ನಿಂತು ಕುಗ್ಗಲು ಶುರುವಾಗಿದೆ. ಇಷ್ಟು ದಿನ ಮುಚ್ಚಿಟ್ಟಿದ್ದರು. ಎಲ್ಲರಿಗೂ ಕಳಿಸಿ.” ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯ ಓದುಗರು ಈ ಧಾಟಿಯ ಫಾರ್ವರ್ಡ್‌ಗಳನ್ನು ನಮಗೆ ಕಳಿಸಿ, ಇದು ನಿಜವೇ ಎಂದು ಕೇಳಿದ್ದಾರೆ. ಜೊತೆಗೊಂದು ಬಣ್ಣಬಣ್ಣದ ಸ್ಫೋಟದ ಚಿತ್ರವೂ ಇರುತ್ತದೆ.

ಮೊದಲೇ ಹೇಳಿಬಿಡುತ್ತೇವೆ. ಈ ಸುದ್ದಿಯ ಮೂಲದಲ್ಲಿರುವ ಸಂಶೋಧನೆ ವಿಶ್ವ ಕುಗ್ಗುತ್ತಿದೆ ಎಂದು ಹೇಳಿಲ್ಲ. ಮುಚ್ಚಿಟ್ಟ ಗುಟ್ಟು ಯಾವುದೂ ಇಲ್ಲ. ಆದರೆ ಫಾರ್ವರ್ಡ್ ಪೂರ್ತಿ ಗಾಳಿಮಾತೂ ಅಲ್ಲ. ವಿಜ್ಞಾನಿಗಳ ನಡುವೆ ನಿಜವಾಗಿಯೂ ಒಂದು ವಾದ ನಡೆದಿದೆ. ಅದು ಇರುವುದು ಒಂದೇ ಪ್ರಶ್ನೆಯ ಮೇಲೆ: ಸಿಡಿದ ನಕ್ಷತ್ರ ಎಷ್ಟು ಬೆಳಗುತ್ತದೆ ಎಂಬುದು ಅದು ಯಾವ ಗ್ಯಾಲಕ್ಸಿಯಲ್ಲಿ ಹುಟ್ಟಿತು ಎಂಬುದನ್ನು ಅವಲಂಬಿಸಿದೆಯೇ?

ಸಿಡಿಯುವ ನಕ್ಷತ್ರಕ್ಕೆ ಸೂಪರ್‌ನೋವಾ ಎನ್ನುತ್ತಾರೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಸೂರ್ಯನಿಗಿಂತ ಎಂಟು-ಹತ್ತು ಪಟ್ಟು ಭಾರವಾದ ನಕ್ಷತ್ರ ಇಂಧನ ಮುಗಿದಾಗ ತನ್ನ ಭಾರಕ್ಕೆ ತಾನೇ ಕುಸಿದು ಸಿಡಿಯುವುದು ಒಂದು. ಇಂಥ ನಕ್ಷತ್ರಗಳ ಆಯುಷ್ಯ ಕಡಿಮೆ. ಹಾಗಾಗಿ ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಗ್ಯಾಲಕ್ಸಿಗಳಲ್ಲೇ ಇವು ಸಿಡಿಯುತ್ತವೆ. ನಮ್ಮ ಕಥೆಗೆ ಬೇಕಾದದ್ದು ಎರಡನೆಯ ಬಗೆ, ‘ಒನ್-ಎ’ ಸೂಪರ್‌ನೋವಾ. ಸೂರ್ಯನಂಥ ನಕ್ಷತ್ರ ಸತ್ತ ಮೇಲೆ ಉಳಿಯುವ ಗಟ್ಟಿ ತಿರುಳಿಗೆ ಶ್ವೇತ ಕುಬ್ಜ ಎಂದು ಹೆಸರು. ಅದು ಪಕ್ಕದ ಜೊತೆಗಾರ ನಕ್ಷತ್ರದಿಂದ ವಸ್ತು ಎಳೆದುಕೊಂಡೋ, ಇನ್ನೊಂದು ಶ್ವೇತ ಕುಬ್ಜದೊಂದಿಗೆ ಸೇರಿಯೋ ಸ್ಫೋಟಗೊಳ್ಳುತ್ತದೆ. ಶ್ವೇತ ಕುಬ್ಜ ಸೂರ್ಯನ ಸುಮಾರು 1.4 ಪಟ್ಟಿಗಿಂತ ಭಾರವಾಗಿ ಉಳಿಯಲಾರದು ಎಂದು ಲೆಕ್ಕ ಹಾಕಿದವರು ಸುಬ್ರಹ್ಮಣ್ಯನ್ ಚಂದ್ರಶೇಖರ್. 1983ರ ನೊಬೆಲ್ ಅವರಿಗೆ ಬಂತು.

ಒನ್-ಎ ತನ್ನ ಉಚ್ಛ್ರಾಯದಲ್ಲಿ 400–500 ಕೋಟಿ ಸೂರ್ಯರಷ್ಟು ಬೆಳಗುತ್ತದೆ. ಎಲ್ಲವೂ ಹೆಚ್ಚುಕಡಿಮೆ ಒಂದೇ ವ್ಯಾಟ್‌ನ ಬಲ್ಬುಗಳು ಎಂದುಕೊಳ್ಳಿ. ಮಂಕಾಗಿ ಕಂಡರೆ ದೂರ, ಪ್ರಕಾಶವಾಗಿ ಕಂಡರೆ ಹತ್ತಿರ. ಹೀಗೆ ದೂರ ಅಳೆದು, ದೂರದ ಸೂಪರ್‌ನೋವಾಗಳು ಎಣಿಸಿದ್ದಕ್ಕಿಂತ ಸುಮಾರು ಕಾಲುಭಾಗ ಮಂಕಾಗಿವೆ ಎಂದು 1998ರಲ್ಲಿ ಎರಡು ತಂಡಗಳು ಕಂಡುಕೊಂಡವು. ಅಂದರೆ ವಿಶ್ವ ಹಿಗ್ಗುವ ವೇಗ ಹೆಚ್ಚುತ್ತಿದೆ. ಸಾಲ್ ಪರ್ಲ್‌ಮಟರ್, ಬ್ರಯಾನ್ ಸ್ಮಿಟ್, ಆಡಂ ರೀಸ್ ಅವರಿಗೆ 2011ರ ನೊಬೆಲ್ ಬಂದದ್ದು ಇದಕ್ಕೆ.

ಮಂಕಾದದ್ದೆಲ್ಲ ದೂರದ್ದೇ?

ಅಲ್ಲ. ಇದು ಬಳ್ಳಾರಿಯವರಿಗೆ ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. ಸಂಡೂರು ಕಡೆಯ ರಸ್ತೆಯಲ್ಲಿ ಅದಿರಿನ ಲಾರಿಗಳು ಸಾಲಾಗಿ ಹೋದ ಮೇಲೆ, ಎದುರಿಗೆ ಬರುವ ಬೈಕಿನ ಹೆಡ್‌ಲೈಟ್ ಧೂಳಿನಲ್ಲಿ ಮಂಕಾಗುತ್ತದೆ. ಬೈಕ್ ಇನ್ನೂ ದೂರದಲ್ಲಿದೆ ಎಂದುಕೊಳ್ಳುವಷ್ಟರಲ್ಲಿ ಅದು ಪಕ್ಕಕ್ಕೇ ಬಂದಿರುತ್ತದೆ. ಆದರೆ ಒಂದು ಸುಳಿವು ಇರುತ್ತದೆ: ಆ ಬೆಳಕು ಮಂಕಷ್ಟೇ ಅಲ್ಲ, ಕೆಂಪಗೂ ಇರುತ್ತದೆ.

ಗ್ಯಾಲಕ್ಸಿಗಳಲ್ಲೂ ಧೂಳಿದೆ. ಅದು ನೀಲಿ ಬೆಳಕನ್ನು ಹೆಚ್ಚು ತಡೆಯುತ್ತದೆ, ಕೆಂಪನ್ನು ಕಡಿಮೆ. ಹಾಗಾಗಿ ಸೂಪರ್‌ನೋವಾವನ್ನು ನೀಲಿ, ಹಸಿರು, ಕೆಂಪು ಫಿಲ್ಟರ್‌ಗಳಲ್ಲಿ ಬೇರೆ ಬೇರೆಯಾಗಿ ಅಳೆದು ಹೋಲಿಸುತ್ತಾರೆ. ಖಗೋಳ ವಿಜ್ಞಾನಿಗಳು ‘ಬಣ್ಣ’ ಎನ್ನುವುದು ಈ ವ್ಯತ್ಯಾಸವನ್ನು. ಫಾರ್ವರ್ಡ್ ಚಿತ್ರದ ರಂಗುರಂಗಿನ ಹೊಗೆಗೂ ಈ ಬಣ್ಣಕ್ಕೂ ಸಂಬಂಧವಿಲ್ಲ. ದೂರದ ಗ್ಯಾಲಕ್ಸಿಯ ಸೂಪರ್‌ನೋವಾ ದೂರದರ್ಶಕದಲ್ಲಿ ಕಾಣುವುದು ಬರೀ ಒಂದು ಚುಕ್ಕಿಯಾಗಿ.

ಧೂಳು ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಒಂದು ಜೋಡಿ ಸಾಕು. 2011ರ ಆಗಸ್ಟ್‌ನಲ್ಲಿ ಎಂ101 ಎಂಬ ಸುರುಳಿ ಗ್ಯಾಲಕ್ಸಿಯಲ್ಲಿ ಒಂದು ಒನ್-ಎ ಸಿಡಿಯಿತು. ದೂರ ಸುಮಾರು 2.1 ಕೋಟಿ ಜ್ಯೋತಿರ್ವರ್ಷ, ಅಡ್ಡ ಧೂಳು ಹೆಚ್ಚೇನೂ ಇರಲಿಲ್ಲ. 2014ರ ಜನವರಿಯಲ್ಲಿ ಎಂ82 ಗ್ಯಾಲಕ್ಸಿಯಲ್ಲಿ ಇನ್ನೊಂದು ಸಿಡಿಯಿತು. ಅದು ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ, ಹೆಚ್ಚುಕಡಿಮೆ ಅರ್ಧ ದಾರಿ. ಆದ್ದರಿಂದ ಎರಡನೆಯದು ಮೊದಲನೆಯದರ ಮೂರು ಪಟ್ಟು ಪ್ರಕಾಶವಾಗಿ ಕಾಣಬೇಕಿತ್ತು. ಕಂಡದ್ದು ಮೊದಲನೆಯದಕ್ಕಿಂತಲೂ ಮಂಕಾಗಿ, ಅದೂ ಕೆಂಪಗೆ. ಎಂ82 ಹೊಸ ನಕ್ಷತ್ರಗಳು ಭರದಿಂದ ಹುಟ್ಟುತ್ತಿರುವ, ಧೂಳು ತುಂಬಿದ ಗ್ಯಾಲಕ್ಸಿ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಐದಾರರಲ್ಲಿ ಒಂದು ಪಾಲು ಮಾತ್ರ ಧೂಳು ದಾಟಿ ಹೊರಬಂದಿತ್ತು. ಬಣ್ಣ ನೋಡದೆ ಬರೀ ಮಂಕನ್ನು ನಂಬಿದ್ದರೆ ಅದನ್ನು ನಿಜವಾದ ದೂರದ ಎರಡು ಪಟ್ಟಿಗೂ ಆಚೆ ತಳ್ಳಿಬಿಡುತ್ತಿದ್ದೆವು.

ಈ ಎಂ82ರ ಸೂಪರ್‌ನೋವಾವನ್ನು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ತಂಡವೂ ತಿಂಗಳುಗಟ್ಟಲೆ ಅಳೆದಿದೆ. ಜಿ.ಸಿ. ಅನುಪಮಾ ಅವರಂಥ ಹಿರಿಯ ಸೂಪರ್‌ನೋವಾ ತಜ್ಞರು ಅದರಲ್ಲಿದ್ದರು. ಬಳಸಿದ್ದು ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕ. ಹೆಸರಿನಲ್ಲಿರುವ ‘ಚಂದ್ರ’ ಮೇಲೆ ಹೇಳಿದ ಚಂದ್ರಶೇಖರ್ ಅವರೇ. ಅದನ್ನು ನಡೆಸುವುದು ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಕುಳಿತು, ಉಪಗ್ರಹ ಸಂಪರ್ಕದ ಮೂಲಕ. ಎಂ82ರ ಧೂಳು ನಮ್ಮ ಹಾಲುಹಾದಿಯ ಧೂಳಿನಂತಿಲ್ಲ, ನೀಲಿಯನ್ನು ಇನ್ನೂ ಜೋರಾಗಿ ನುಂಗುತ್ತದೆ ಎಂಬುದು ಆ ಸೂಪರ್‌ನೋವಾದಿಂದ ಸ್ಪಷ್ಟವಾಯಿತು. ಅಂದರೆ ಎಲ್ಲ ಗ್ಯಾಲಕ್ಸಿಗೂ ಒಂದೇ ಧೂಳಿನ ಲೆಕ್ಕ ಹಾಕುವಂತಿಲ್ಲ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬೀಜ ಒಂದೇ, ಹೊಲ ಬೇರೆ

ಧೂಳು ಕಳೆದ ಮೇಲೂ ಬಲ್ಬುಗಳು ಒಂದೇ ವ್ಯಾಟ್ ಅಲ್ಲ. ಸಿಡಿತದಲ್ಲಿ ನಿಕಲ್-56 ಎಂಬ ವಿಕಿರಣಶೀಲ ಲೋಹ ತಯಾರಾಗುತ್ತದೆ. ಅದು ಕೋಬಾಲ್ಟ್ ಆಗಿ, ಕೊನೆಗೆ ಕಬ್ಬಿಣವಾಗಿ ಬದಲಾಗುವಾಗ ಬಿಡುವ ಶಕ್ತಿಯೇ ನಮಗೆ ಕಾಣುವ ಬೆಳಕು. ನಿಕಲ್ ಹೆಚ್ಚಿದ್ದರೆ ಬೆಳಕೂ ಹೆಚ್ಚು, ಆರುವುದೂ ನಿಧಾನ. 1993ರಲ್ಲಿ ಮಾರ್ಕ್ ಫಿಲಿಪ್ಸ್ ತೋರಿಸಿದ್ದು ಇದನ್ನೇ: ಬೇಗ ಆರುವವು ಮಂಕು, ನಿಧಾನಕ್ಕೆ ಆರುವವು ಪ್ರಕಾಶಮಾನ. (ವಿಶ್ವದ ಕಬ್ಬಿಣದಲ್ಲಿ ದೊಡ್ಡ ಪಾಲು ಹೀಗೇ ಹುಟ್ಟಿದ್ದು. ದೋಣಿಮಲೈ ಅದಿರಿಗೂ ಇದೇ ವಂಶಾವಳಿ.)

ಇಲ್ಲಿ ತವರು ಗ್ಯಾಲಕ್ಸಿಯ ಮಾತು ಬರುತ್ತದೆ. ಸಿರುಗುಪ್ಪದ ರೈತರನ್ನು ಕೇಳಿ: ಸೋನಾ ಮಸೂರಿ ಬೀಜ ಒಂದೇ ಆದರೂ ಕಾಲುವೆ ಮೇಲ್ಭಾಗದ ಗದ್ದೆಗೂ ಕೊನೆಭಾಗದ ಗದ್ದೆಗೂ ಇಳುವರಿ ಒಂದೇ ಬರುತ್ತದೆಯೇ? ಸೂಪರ್‌ನೋವಾ ಕಥೆಯೂ ಹಾಗೆಯೇ. ಹೊಸ ನಕ್ಷತ್ರಗಳು ಹುಟ್ಟುವುದು ಬಹುತೇಕ ನಿಂತುಹೋದ, ಹಳೆಯ, ಮೊಟ್ಟೆಯಾಕಾರದ ಗ್ಯಾಲಕ್ಸಿಗಳಲ್ಲಿ ಬೇಗ ಆರುವ, ಮಂಕಾದ ಒನ್-ಎಗಳು ಹೆಚ್ಚು. ಎಳೆಯ ನಕ್ಷತ್ರಗಳಿರುವ ಸುರುಳಿ ಗ್ಯಾಲಕ್ಸಿಗಳಲ್ಲಿ ನಿಧಾನಕ್ಕೆ ಆರುವ, ಪ್ರಕಾಶಮಾನವಾದವು ಹೆಚ್ಚು. ಫಿಲಿಪ್ಸ್ ನಿಯಮದಿಂದ ಈ ವ್ಯತ್ಯಾಸವನ್ನು ಬಹುಪಾಲು ಸರಿಪಡಿಸಬಹುದು.

ಬಹುಪಾಲು, ಪೂರ್ತಿಯಲ್ಲ. ಆರುವ ವೇಗ, ಬಣ್ಣ ಎರಡನ್ನೂ ಸರಿಪಡಿಸಿದ ಮೇಲೂ ಸ್ವಲ್ಪ ವ್ಯತ್ಯಾಸ ಉಳಿಯುತ್ತದೆ ಎಂದು 2010ರಲ್ಲಿ ಹಲವು ತಂಡಗಳು ಗಮನಿಸಿದವು. ನಕ್ಷತ್ರಗಳ ಒಟ್ಟು ತೂಕ 1,000 ಕೋಟಿ ಸೂರ್ಯರಿಗಿಂತ ಹೆಚ್ಚಿರುವ ದೊಡ್ಡ ಗ್ಯಾಲಕ್ಸಿಗಳ ಸೂಪರ್‌ನೋವಾಗಳು, ಸಣ್ಣವುಗಳಲ್ಲಿನವಕ್ಕಿಂತ ಶೇ 5ರಿಂದ 10ರಷ್ಟು ಹೆಚ್ಚು ಪ್ರಕಾಶವಾಗಿ ಲೆಕ್ಕಕ್ಕೆ ಸಿಗುತ್ತವೆ. ಕಾರಣ ಏನೆಂಬುದರಲ್ಲಿ ಒಮ್ಮತವಿಲ್ಲ. ದೊಡ್ಡ ಗ್ಯಾಲಕ್ಸಿಯ ಧೂಳೇ ಬೇರೆ ಬಗೆಯದು ಎಂದು ಕೆಲವರು, ಅಲ್ಲಿ ಸಿಡಿಯುವ ನಕ್ಷತ್ರಗಳೇ ಹೆಚ್ಚು ವಯಸ್ಸಾದವು ಎಂದು ಇನ್ನು ಕೆಲವರು ವಾದಿಸುತ್ತಾರೆ. ಕಾರಣ ತಿಳಿಯದಿದ್ದರೂ ಈ ವ್ಯತ್ಯಾಸವನ್ನು ಲೆಕ್ಕದಲ್ಲಿ ಸೇರಿಸಿಯೇ ದೂರ ಹೇಳುವುದು ಅಂದಿನಿಂದ ರೂಢಿ. ಪ್ರಕಟವಾದ ಪ್ರಬಂಧಗಳಲ್ಲೇ ಇರುವುದನ್ನು ‘ಮುಚ್ಚಿಟ್ಟಿದ್ದರು’ ಎನ್ನಲಾಗದು.

ಹಾಗಾದರೆ ಈಗ ಎದ್ದ ಸುದ್ದಿ ಏನು?

2025ರ ನವೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಯೊನ್ಸೆಯ್ ವಿಶ್ವವಿದ್ಯಾಲಯದ ಯಂಗ್-ವೂಕ್ ಲೀ ಅವರ ತಂಡ ಒಂದು ಪ್ರಬಂಧ ಪ್ರಕಟಿಸಿತು. ಸುಮಾರು 300 ತವರು ಗ್ಯಾಲಕ್ಸಿಗಳ ವಯಸ್ಸು ಅಂದಾಜಿಸಿ ಅವರು ಹೇಳಿದ್ದು ಇಷ್ಟು: ಎಳೆಯ ನಕ್ಷತ್ರಗಳ ನಡುವೆ ಸಿಡಿದ ಒನ್-ಎಗಳು, ಎಲ್ಲ ತಿದ್ದುಪಡಿಯ ಬಳಿಕವೂ, ಸ್ವಲ್ಪ ಮಂಕು. ದೂರದ ಬೆಳಕು ಎಂದರೆ ಹಳೆಯ ಕಾಲದ ಬೆಳಕು, ಆಗ ವಿಶ್ವವೇ ಎಳೆಯದಿತ್ತು. ಹಾಗಾದರೆ ದೂರದ ಸೂಪರ್‌ನೋವಾಗಳ ಮಂಕಿನಲ್ಲಿ ಒಂದು ಭಾಗ ವಯಸ್ಸಿನದೇ ಹೊರತು ದೂರದ್ದಲ್ಲ. ಇದನ್ನು ಕಳೆದು, ಬೇರೆ ಅಳತೆಗಳನ್ನೂ ಸೇರಿಸಿ ನೋಡಿದರೆ ವಿಶ್ವ ಹಿಗ್ಗುವ ವೇಗ ಈಗಾಗಲೇ ಇಳಿಯತೊಡಗಿದೆ ಎಂಬುದು ಅವರ ವಾದ.

ವೇಗ ಇಳಿಯುವುದು ಬೇರೆ, ಕುಗ್ಗುವುದು ಬೇರೆ. ಬ್ರೇಕ್ ಒತ್ತಿದ ಲಾರಿ ಹಿಂದಕ್ಕೆ ಹೋಗುವುದಿಲ್ಲ, ನಿಧಾನವಾಗಿ ಮುಂದಕ್ಕೇ ಹೋಗುತ್ತದೆ. ಫಾರ್ವರ್ಡ್ ಎಡವಿದ್ದು ಇಲ್ಲಿ. ‘ನೊಬೆಲ್ ತಪ್ಪು’ ಎಂಬುದೂ ಅವಸರದ ಮಾತು. ಲೀ ತಂಡದ ವಾದವನ್ನು ಬೇರೆ ತಂಡಗಳು ಒಪ್ಪಿಲ್ಲ. ವಯಸ್ಸಿನ ಪರಿಣಾಮದ ಬಹುಭಾಗ ಈಗಿರುವ ಗ್ಯಾಲಕ್ಸಿ ತಿದ್ದುಪಡಿಯಲ್ಲೇ ಸೇರಿಹೋಗಿದೆ, ಇನ್ನೊಮ್ಮೆ ಕಳೆದರೆ ಒಂದೇ ಸಾಲವನ್ನು ಎರಡು ಸಲ ತೀರಿಸಿದಂತಾಗುತ್ತದೆ ಎಂಬುದು ಅವರ ಆಕ್ಷೇಪ. ನಮಗೂ ಈ ಆಕ್ಷೇಪದಲ್ಲಿ ಹುರುಳಿದೆ ಎನಿಸುತ್ತದೆ. ಹಾಗೆಂದು ಲೀ ಎತ್ತಿದ ಪ್ರಶ್ನೆ ಹಗುರದ್ದಲ್ಲ. ಹಿಗ್ಗುವಿಕೆಯನ್ನು ತಳ್ಳುವ ‘ಡಾರ್ಕ್ ಎನರ್ಜಿ’ ಕಾಲಕ್ರಮೇಣ ದುರ್ಬಲವಾಗುತ್ತಿರಬಹುದು ಎಂಬ ಸುಳಿವನ್ನು ಅಮೆರಿಕದ ‘ಡೆಸಿ’ ಸಮೀಕ್ಷೆಯೂ 2024 ಮತ್ತು 2025ರಲ್ಲಿ ಕೊಟ್ಟಿದೆ. ಅದೂ ಸದ್ಯಕ್ಕೆ ಸುಳಿವು ಮಾತ್ರ.

ತವರು ಗ್ಯಾಲಕ್ಸಿಯೊಂದನ್ನು ನೀವೇ ನೋಡಬಹುದು. ನವೆಂಬರ್-ಡಿಸೆಂಬರ್‌ನ ಅಮಾವಾಸ್ಯೆಯ ಆಸುಪಾಸಿನಲ್ಲಿ, ರಾತ್ರಿ ಎಂಟರ ಹೊತ್ತಿಗೆ, ಕುರುಗೋಡಿನ ಗುಡ್ಡಗಳಾಚೆ ಊರ ದೀಪಗಳಿಲ್ಲದ ಕಡೆ ನಿಂತು ಉತ್ತರಕ್ಕೆ, ಸಾಕಷ್ಟು ಎತ್ತರಕ್ಕೆ ನೋಡಿ. ಮೊಬೈಲಿನ ಆಕಾಶ ನಕ್ಷೆ ಆ್ಯಪ್ ತೋರಿಸಿದಲ್ಲಿ ಬೈನಾಕ್ಯುಲರ್ ಹಿಡಿದರೆ ಮಸುಕಾದ ಬೆಳಕಿನ ಚೂರು ಕಾಣುತ್ತದೆ. ಅದು 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾ. 1885ರಲ್ಲಿ ಅಲ್ಲೊಂದು ಸೂಪರ್‌ನೋವಾ ಕಂಡಿತ್ತು. ಬರಿಗಣ್ಣಿನ ಅಂಚಿಗೆ ಬರುವಷ್ಟು ಪ್ರಕಾಶವಿದ್ದ ಅದು ಬಹಳ ಬೇಗ ಆರಿಹೋಯಿತು.

ಈ ವಾದ ತೀರಲು ಬೇಕಿರುವುದು ಹೆಚ್ಚು ಸೂಪರ್‌ನೋವಾಗಳು, ಜೊತೆಗೆ ಅವುಗಳ ತವರಿನ ಜಾತಕ. ಎಳೆಯ ಗ್ಯಾಲಕ್ಸಿಯನ್ನು ಎಳೆಯದರೊಂದಿಗೇ ಹೋಲಿಸಿದರೆ ವಯಸ್ಸಿನ ತಕರಾರು ಏಳುವುದಿಲ್ಲ. 2025ರ ಜೂನ್‌ನಲ್ಲಿ ಮೊದಲ ಚಿತ್ರಗಳನ್ನು ಬಿಡುಗಡೆ ಮಾಡಿದ ಚಿಲಿ ದೇಶದ ವೆರಾ ರೂಬಿನ್ ವೀಕ್ಷಣಾಲಯದಿಂದ ಅಂಥ ಹೋಲಿಕೆಗೆ ಸಾಕಾಗುವಷ್ಟು ಸೂಪರ್‌ನೋವಾಗಳು ಸಿಗುವ ನಿರೀಕ್ಷೆಯಿದೆ.