ಮನೆಯ ನಾಯಿ, ಮಗುವಿನ ಉಬ್ಬಸ

ಚಾಮರಾಜನಗರ, ಗುಂಡ್ಲುಪೇಟೆ ಕಡೆಯಿಂದ ಉಬ್ಬಸದ ಮಕ್ಕಳನ್ನು ಕರೆತರುವ ತಾಯಂದಿರನ್ನು ‘ಮನೆಯಲ್ಲಿ ನಾಯಿ ಇದೆಯೇ?’ ಎಂದು ಕೇಳಿದರೆ, ‘ಇದೆ ಸಿಸ್ಟರ್, ಆದರೆ ಅದಕ್ಕೆ ಕೂದಲೇ ಕಡಿಮೆ’ ಎನ್ನುವುದುಂಟು. ಆದರೆ ತೊಂದರೆ ಕೂದಲಿನದಲ್ಲ.

ಅಲರ್ಜಿ ಎಲ್ಲಿಂದ?

ನಾಯಿಯ ಜೊಲ್ಲು ಮತ್ತು ಚರ್ಮದ ಹೊಟ್ಟಿನಲ್ಲಿರುವ ಕೆಲವು ಪ್ರೋಟೀನುಗಳೇ ಇದಕ್ಕೆ ಕಾರಣ. ಇವುಗಳಲ್ಲಿ ಮುಖ್ಯವಾದುದರ ಹೆಸರು ‘ಕ್ಯಾನ್ ಎಫ್ 1’. ನಾಯಿ ಮೈ ನೆಕ್ಕಿಕೊಂಡಾಗ ಜೊಲ್ಲು ಮೈಗೆ ಹತ್ತಿ, ಒಣಗಿ, ಪುಡಿಯಾಗಿ ಉದುರುತ್ತದೆ. ಆದ್ದರಿಂದ ಮುಧೋಳದಂತಹ ಗಿಡ್ಡ ಕೂದಲಿನ ನಾಯಿಯೂ ಅಲರ್ಜಿ ತರಬಲ್ಲದು.

ಈ ಪುಡಿಯಲ್ಲಿ ಒಂದಷ್ಟು ಕಣಗಳು 5 ಮೈಕ್ರಾನಿಗಿಂತಲೂ ಸಣ್ಣವು. ಅವು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತಾ ಉಸಿರಿನೊಡನೆ ಶ್ವಾಸಕೋಶ ಸೇರುತ್ತವೆ. ಉಳಿದವು ಕಂಬಳಿ, ಹಾಸಿಗೆ, ಗೋಡೆಗೆ ಅಂಟುತ್ತವೆ. ಬಟ್ಟೆಗೆ ಹತ್ತಿಕೊಂಡು ನಾಯಿಯಿಲ್ಲದ ಮನೆಗೂ ಶಾಲೆಗೂ ಹೋಗುತ್ತವೆ. ನಾಯಿಯನ್ನು ಬೇರೆಯವರಿಗೆ ಕೊಟ್ಟ ಮೇಲೂ ಮನೆಯ ದೂಳಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ.

ನಾಯಿಯನ್ನು ಬಿಟ್ಟುಬಿಡಬೇಕೇ?

ಅವಸರ ಬೇಡ. ಒಲೆಯ ಹೊಗೆ, ಬೀಡಿ ಹೊಗೆ, ದೂಳಿನ ನುಸಿ, ನೆಗಡಿ ಇವೂ ಉಬ್ಬಸವನ್ನು ಕೆರಳಿಸುತ್ತವೆ. ಚರ್ಮದ ಅಥವಾ ರಕ್ತದ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಕಾರಣ ನಾಯಿಯೇ ಎಂದು ಖಚಿತವಾಗಿ, ಔಷಧಿಯಿಂದಲೂ ಉಬ್ಬಸ ಹತೋಟಿಗೆ ಬಾರದಿದ್ದರೆ ನಂಬಿಕಸ್ಥರ ಮನೆಗೆ ಕೊಡಿ, ಬೀದಿಗೆ ಬಿಡಬೇಡಿ.

ಮನೆಯಲ್ಲಿ ಹೀಗೆ ಮಾಡಿ

* ಮಗು ಮಲಗುವ ಕೋಣೆಗೆ ನಾಯಿಯನ್ನು ಬಿಡಬೇಡಿ. ಕಾಡಂಚಿನ ಊರುಗಳಲ್ಲಿ ಚಿರತೆಯ ಭಯದಿಂದ ರಾತ್ರಿ ನಾಯಿಯನ್ನು ಒಳಗೆ ಕಟ್ಟುತ್ತೀರಿ. ಆಗ ಬಾಗಿಲಿರುವ ಕೊಟ್ಟಿಗೆಯಲ್ಲೋ ಜಾಲರಿ ಹಾಕಿದ ಜಗಲಿಯಲ್ಲೋ ಕಟ್ಟಿ.
* ಮಗುವಿಗೆ ಕಂಬಳಿಯ ಬದಲು ಒಗೆಯಬಹುದಾದ ಹತ್ತಿಯ ಹೊದಿಕೆ ಕೊಡಿ. ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ.
* ಒಣಕಸ ಗುಡಿಸಿದರೆ ದೂಳು ಮೇಲೇಳುತ್ತದೆ. ಒದ್ದೆ ಬಟ್ಟೆಯಿಂದ ನೆಲ ಒರೆಸಿ. ಆಗ ಮಗು ಹೊರಗಿರಲಿ.
* ಉಬ್ಬಸವಿಲ್ಲದವರು ವಾರಕ್ಕೆರಡು ಬಾರಿ ನಾಯಿಗೆ ಸ್ನಾನ ಮಾಡಿಸಿ. ಇದರ ಪ್ರಯೋಜನ ಕೆಲವೇ ದಿನ ಇರುತ್ತದೆ.
* ನಾಯಿಯನ್ನು ಮುಟ್ಟಿದ ಮೇಲೆ ಕೈ ತೊಳೆಯಿರಿ.

ಮರೆಯಬೇಡಿ

ಮನೆ ಚೊಕ್ಕಟವಾಗಿದೆ ಎಂದು ಇನ್‌ಹೇಲರ್ ನಿಲ್ಲಿಸಬೇಡಿ. ಅದು ಚಟವಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಉಸಿರೆಳೆಯುವಾಗ ಮಗುವಿನ ಪಕ್ಕೆ ಒಳಸೇದಿದರೆ, ಮಾತು ಪೂರ್ತಿಯಾಗಿ ಆಡಲಾಗದಿದ್ದರೆ, ತುಟಿ ನೀಲಿಯಾದರೆ ಬೆಳಗಾಗಲೆಂದು ಕಾಯಬೇಡಿ. ವೈದ್ಯರು ಹೇಳಿಕೊಟ್ಟಂತೆ ಇನ್‌ಹೇಲರ್ ಕೊಡುತ್ತಾ ಕೂಡಲೇ 108ಕ್ಕೆ ಫೋನ್ ಮಾಡಿ.