ತೆಗೆದ ಉಪ್ಪು ಎಲ್ಲಿಗೆ ಹೋಗುತ್ತದೆ?

ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ 1985ರಿಂದ ಕೃಷ್ಣೆಯ ನೀರನ್ನೇ ನಂಬಿಕೊಂಡಿದೆ. ಬಾಯ್ಲರಿಗೆ ಹೋಗುವ ನೀರು ಕನ್ನಡಿಯಷ್ಟು ತಿಳಿಯಾಗಿದ್ದರೂ ಸಾಲದು. ಕರಗಿ ಕಣ್ಣಿಗೆ ಕಾಣದಂತಿರುವ ಕ್ಯಾಲ್ಸಿಯಂ, ಸೋಡಿಯಂ, ಕ್ಲೋರೈಡ್, ಸಿಲಿಕಾ ಎಲ್ಲವೂ ಹೊರಬೀಳಬೇಕು. ಇಂಥ ಸ್ಥಾವರಗಳಲ್ಲಿ ಆ ಕೆಲಸ ಡಿಎಂ (ಡಿಮಿನರಲೈಸೇಷನ್) ಪ್ಲಾಂಟಿನದು.

ಹಂಡೆಯ ತಳಕ್ಕೆ ಸುಣ್ಣ ಕಟ್ಟುವುದನ್ನು ಬೋರ್‌ವೆಲ್ ನೀರು ಕಾಯಿಸುವ ಮನೆಯವರೆಲ್ಲ ಬಲ್ಲರು. ಸಿಲಿಕಾದ ಚಾಳಿ ಬೇರೆ. ಒತ್ತಡ ಏರಿದಂತೆ ಅದು ಉಗಿಯಲ್ಲೇ ಕರಗಿ ಟರ್ಬೈನಿನವರೆಗೂ ಪಯಣಿಸುತ್ತದೆ. ಅಲ್ಲಿ ಒತ್ತಡ ಇಳಿಯುತ್ತಲೇ ಬ್ಲೇಡುಗಳ ಮೇಲೆ ಗಾಜಿನಂಥ ಪದರವಾಗಿ ಕೂರುತ್ತದೆ. ಸುಮ್ಮನೆ ತೊಳೆದರೆ ಹೋಗುವಂಥದ್ದಲ್ಲ. ಹಾಗಾಗಿ ಸಿಲಿಕಾವನ್ನು ಲೀಟರಿಗೆ ಒಂದು ಮಿಲಿಗ್ರಾಮಿನ ಐವತ್ತನೇ ಒಂದು ಪಾಲಿಗಿಂತ ಕೆಳಗೆ ಇಳಿಸುತ್ತಾರೆ.

ಡಿಎಂ ಪ್ಲಾಂಟಿನ ತೊಟ್ಟಿಗಳಲ್ಲಿ ತುಂಬಿರುವುದು ಸಾಸಿವೆಗಿಂತ ಸಣ್ಣ ಗುಂಡುಗಳ ರೆಸಿನ್. ಕ್ಯಾಟಯಾನ್ ತೊಟ್ಟಿ ಕ್ಯಾಲ್ಸಿಯಂ, ಸೋಡಿಯಂಗಳನ್ನು ಹಿಡಿದುಕೊಂಡು ಹೈಡ್ರೋಜನ್ ಬಿಟ್ಟುಕೊಡುತ್ತದೆ, ನೀರು ಆಮ್ಲೀಯವಾಗುತ್ತದೆ. ಬೈಕಾರ್ಬನೇಟು ಇಂಗಾಲದ ಡೈಆಕ್ಸೈಡಾಗಿ ಡೀಗ್ಯಾಸರ್‌ನಲ್ಲಿ ಗಾಳಿಗೆ ಸೇರುತ್ತದೆ. ಆನಯಾನ್ ತೊಟ್ಟಿ ಕ್ಲೋರೈಡ್, ಸಲ್ಫೇಟ್, ಸಿಲಿಕಾಗಳನ್ನು ಹಿಡಿದು ಹೈಡ್ರಾಕ್ಸಿಲ್ ಕೊಡುತ್ತದೆ. ಹೈಡ್ರೋಜನ್, ಹೈಡ್ರಾಕ್ಸಿಲ್ ಎರಡೂ ಸೇರಿದರೆ ನೀರೇ. ಅಳಿದುಳಿದದ್ದನ್ನು ಎರಡೂ ರೆಸಿನ್ ಬೆರೆಸಿದ ಮಿಕ್ಸೆಡ್ ಬೆಡ್ ನೋಡಿಕೊಳ್ಳುತ್ತದೆ. (ಇಷ್ಟೆಲ್ಲ ಮಾಡಿದ ಮೇಲೆ ಆ ನೀರಿಗೆ ಮತ್ತೆ ಒಂದಿಷ್ಟು ಅಮೋನಿಯಾ ಬೆರೆಸುತ್ತಾರೆ! ಅಪ್ಪಟ ನೀರು ಬಹುಬೇಗ ಆಮ್ಲೀಯವಾಗಿ ಉಕ್ಕನ್ನು ತಿನ್ನತೊಡಗುತ್ತದೆ.)

ಕೃತಕ ರೆಸಿನ್ನಿಗೆ ದಾರಿ ಮಾಡಿದವರು ಇಂಗ್ಲೆಂಡಿನ ಟೆಡಿಂಗ್ಟನ್ ಪ್ರಯೋಗಾಲಯದ ಆಡಮ್ಸ್ ಮತ್ತು ಹೋಮ್ಸ್, ವರ್ಷ 1935. ಒಡೆದ ಗ್ರಾಮಫೋನ್ ತಟ್ಟೆಯ ಚೂರುಗಳಲ್ಲಿ ಅವರಿಗೆ ಈ ಗುಣ ಮೊದಲು ಕಂಡಿತೆಂಬ ಕತೆ ಇದೆ.

ರೆಸಿನ್ ಉಪ್ಪನ್ನು ಹಿಡಿದಿಡುತ್ತದೆಯೇ ಹೊರತು ಕರಗಿಸಿ ಮಾಯ ಮಾಡುವುದಿಲ್ಲ. ಗುಂಡುಗಳು ತುಂಬಿದಾಗ ಒಂದು ತೊಟ್ಟಿಗೆ ಹೈಡ್ರೋಕ್ಲೋರಿಕ್ ಆಮ್ಲ, ಇನ್ನೊಂದಕ್ಕೆ ಕಾಸ್ಟಿಕ್ ಸೋಡಾ ಹರಿಸಿ ರೀಜನರೇಷನ್ ಮಾಡಬೇಕು. ಲೆಕ್ಕಕ್ಕೆ ಸಾಕಾಗುವಷ್ಟೇ ಸುರಿದರೆ ರೆಸಿನ್ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ, ಹೆಚ್ಚೇ ಬೇಕು. ಹೊರಬಂದ ಆಮ್ಲ, ಕ್ಷಾರ ನ್ಯೂಟ್ರಲೈಸೇಷನ್ ಗುಂಡಿಯಲ್ಲಿ ಸೇರಿ ತಟಸ್ಥವಾದರೆ ಉಳಿಯುವುದು ಮತ್ತೆ ಉಪ್ಪುನೀರು. ನದಿಯಿಂದ ಬಂದ ಉಪ್ಪಿಗಿಂತ ಹೊರಹೋಗುವ ಉಪ್ಪೇ ಹೆಚ್ಚು. ಶುದ್ಧತೆಯ ಅಂಕಿಗಳನ್ನು ಹೆಮ್ಮೆಯಿಂದ ತೋರಿಸುವವರು ಈ ಲೆಕ್ಕವನ್ನೂ ಪಕ್ಕದಲ್ಲೇ ಬರೆಯಬೇಕು ಎಂದು ನನಗನ್ನಿಸುತ್ತದೆ.

ಆಮ್ಲ-ಕ್ಷಾರದ ಖರ್ಚು ತಗ್ಗಿಸಲು ಈಗ ಎಷ್ಟೋ ಕಾರ್ಖಾನೆಗಳು ಮೊದಲು ಆರ್‌ಓ (ಉಪ್ಪನ್ನು ತಡೆದು ನೀರನ್ನು ಬಿಡುವ ಪೊರೆ) ಇಟ್ಟು, ಕೊನೆಗಷ್ಟೇ ಮಿಕ್ಸೆಡ್ ಬೆಡ್ ಬಳಸುತ್ತವೆ. ಸಂಶೋಧಕರಾದ ಲೋಬ್ ಮತ್ತು ಶ್ರೀನಿವಾಸ ಸೌರಿರಾಜನ್ 1960ರ ಹೊತ್ತಿಗೆ ಲಾಸ್ ಏಂಜಲಿಸ್‌ನಲ್ಲಿ ರೂಪಿಸಿದ ತೆಳುಪೊರೆಯೇ ಇದರ ಮೂಲ. ನಮ್ಮೂರುಗಳ ಶುದ್ಧ ಕುಡಿಯುವ ನೀರಿನ ಘಟಕಗಳದ್ದೂ ಅದೇ ವಂಶ. ರಾಸಾಯನಿಕದ ಖರ್ಚೇನೋ ಉಳಿಯಿತು, ಆದರೆ ಒಳಬಂದ ನೀರಿನಲ್ಲಿ ಗಣನೀಯ ಪಾಲು ಉಪ್ಪು ಹೊತ್ತು ಹಿಂದಿನ ಬಾಗಿಲಿಂದ ಹೊರಡುತ್ತದೆ.

ಹನಿ ನೀರನ್ನೂ ಹೊರಬಿಡಕೂಡದೆಂಬ ಷರತ್ತಿರುವ ಕಾರ್ಖಾನೆಗಳು ಆ ಉಪ್ಪುನೀರನ್ನೂ ಕುದಿಸಿ ಬತ್ತಿಸುತ್ತವೆ. ಕೊನೆಗೆ ಉಳಿಯುವ ಬೆರಕೆ ಉಪ್ಪಿಗೆ ಗಿರಾಕಿ ಸಿಗುವುದು ಕಷ್ಟ. ಮೂಟೆ ಕಟ್ಟಿ ಅಪಾಯಕಾರಿ ತ್ಯಾಜ್ಯದ ಹೊಂಡಕ್ಕೆ ಸಾಗಿಸಬೇಕು. ಕುದಿಸಲು ಉಗಿ ಬೇಕು. ಆ ಉಗಿಯ ಬಾಯ್ಲರಿಗೂ ಗಡಸು ಬಿಡಿಸಿದ ನೀರೇ ಬೇಕು.