ಹೊನ್ನೆ ಲೋಟದ ನೀಲಿ ಹೊಳಪು

ಆಯುರ್ವೇದ ಮೇಳಗಳಲ್ಲಿ ಮಧುಮೇಹಕ್ಕೆ ಮದ್ದೆಂದು ಹೊನ್ನೆ ಮರದ ಲೋಟ ಮಾರುವವರ ಹತ್ತಿರ ಒಂದು ಚಂದದ ಪ್ರಯೋಗವಿದೆ. ರಾತ್ರಿಯಿಡೀ ಲೋಟದಲ್ಲಿಟ್ಟ ನೀರನ್ನು ಗಾಜಿನ ಗ್ಲಾಸಿಗೆ ಬಗ್ಗಿಸಿ ಬೆಳಕಿಗೆ ಹಿಡಿದರೆ ತೆಳು ಚಹಾದ ಬಣ್ಣ. ಹಿಂದೆ ಕಪ್ಪು ಬಟ್ಟೆಯಿಟ್ಟು ಪಕ್ಕದಿಂದ ಬಿಸಿಲು ಬೀಳಿಸಿದರೆ ಅದೇ ನೀರಿನ ಅಂಚಿನಲ್ಲಿ ನೀಲಿ ಹೊಳಪು. ನೋಡಿದವರು ಮಾತಾಡದೆ ಲೋಟ ಕೊಳ್ಳುತ್ತಾರೆ.

ಆದರೆ ಆ ನೀಲಿ ಔಷಧದ ಗುರುತಲ್ಲ. ಮರದಿಂದ ನೀರಿಗಿಳಿದ ಕೆಲವು ಅಣುಗಳು ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ, ಒಂದಿಷ್ಟು ಶಕ್ತಿ ಕಳೆದುಕೊಂಡು, ಉಳಿದದ್ದನ್ನು ನೀಲಿ ಬೆಳಕಾಗಿ ಹೊರಬಿಡುತ್ತವೆ. ಇದಕ್ಕೆ ಪ್ರತಿದೀಪ್ತಿ ಎನ್ನುತ್ತಾರೆ. ಬಟ್ಟೆ ಒಗೆಯುವ ಪುಡಿಯಲ್ಲಿನ ಹೊಳಪುಕಾರಕ ಮಾಡುವುದೂ ಇದೇ ಕೆಲಸ. ಅದನ್ನು ಕುಡಿದು ಯಾರೂ ಸಕ್ಕರೆ ಇಳಿಸಿಕೊಂಡಿಲ್ಲ. 16ನೇ ಶತಮಾನದ ಯುರೋಪಿನವರೂ ಮೆಕ್ಸಿಕೊದ ಒಂದು ಮರದ ನೀಲಿ ನೀರನ್ನು ಮೂತ್ರಪಿಂಡದ ಮದ್ದೆಂದು ಕುಡಿದವರೇ.

ಹಾಗೆಂದು ಹೊನ್ನೆಯನ್ನು ತಳ್ಳಿಹಾಕುವಂತಿಲ್ಲ. ತೊಗಟೆಗೆ ಕಚ್ಚು ಹಾಕಿದರೆ ರಕ್ತದಂಥ ರಸ ಒಸರಿ ಗಟ್ಟಿಯಾಗುತ್ತದೆ. ಟ್ಯಾನಿನ್ ತುಂಬಿದ ಈ ಒಗರು ಅಂಟು 'ಕಿನೊ' ಎಂಬ ಹೆಸರಿನಲ್ಲಿ ಬ್ರಿಟಿಷರ ಔಷಧಕೋಶವನ್ನೂ ಸೇರಿ, ಭೇದಿಗೆ ಬಳಕೆಯಾಗಿತ್ತು. ತೊಗಟೆಯಲ್ಲಿನ ಎಪಿಕ್ಯಾಟೆಚಿನ್ ಎಂಬ ರಾಸಾಯನಿಕ ಇಲಿಗಳಲ್ಲಿ ಇನ್ಸುಲಿನ್ ಸ್ರವಿಸುವ ಕೋಶಗಳನ್ನು ಮರಳಿ ಬೆಳೆಸುತ್ತದೆಂದು 1980ರ ದಶಕದ ಆರಂಭದಲ್ಲಿ ದೊಡ್ಡ ಸುದ್ದಿಯಾಯಿತು. ಬೇರೆ ಪ್ರಯೋಗಾಲಯಗಳಲ್ಲಿ ಅದು ಕೈಗೂಡಲಿಲ್ಲ.

ಚೇಗಿನಲ್ಲಿ, ಅಂದರೆ ಕಾಂಡದ ನಡುವಿನ ಗಟ್ಟಿ ತಿರುಳಿನಲ್ಲಿ, ಟೆರೊಸ್ಟಿಲ್ಬೀನ್ ಎಂಬ ಇನ್ನೊಂದು ರಾಸಾಯನಿಕವಿದೆ. ದ್ರಾಕ್ಷಿ ಸಿಪ್ಪೆಯ ರೆಸ್ವೆರಟ್ರಾಲ್‌ಗೆ ಇದು ಹತ್ತಿರದ ನೆಂಟ: ಅಲ್ಲಿನ ಎರಡು ಹೈಡ್ರಾಕ್ಸಿಲ್ ಗುಂಪುಗಳ ಜಾಗದಲ್ಲಿ ಇಲ್ಲಿ ಮೆಥಾಕ್ಸಿ ಗುಂಪುಗಳು. ಆ ಬದಲಾವಣೆಯಿಂದ ಅಣು ಕೊಬ್ಬಿಗೆ ಒಗ್ಗುತ್ತದೆ, ನೀರಿಗೆ ಒಗ್ಗುವುದಿಲ್ಲ. ಲೋಟದ ಜಾಹೀರಾತಿನಲ್ಲಿ ಮೆರೆಯುವ ಈ ರಾಸಾಯನಿಕ ಲೋಟದ ನೀರಿಗೆ ಇಳಿಯುವುದೇ ಅಪರೂಪ!

ಮನುಷ್ಯರ ಮೇಲೂ ಪರೀಕ್ಷೆ ನಡೆದಿದೆ. 1998ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸದಾಗಿ ಮಧುಮೇಹ ಪತ್ತೆಯಾದ 97 ಜನರಿಗೆ ವಿಜಯಸಾರ (ಹೊನ್ನೆಯ ಆಯುರ್ವೇದದ ಹೆಸರು) ಕೊಟ್ಟಾಗ, 12 ವಾರಗಳಲ್ಲಿ 67 ಜನರ ಸಕ್ಕರೆ ಹತೋಟಿಗೆ ಬಂತು. ಹೋಲಿಕೆಗೆ ಔಷಧವಿಲ್ಲದ ಇನ್ನೊಂದು ಗುಂಪು ಇರಲಿಲ್ಲ ಎಂಬುದು ಅದರ ದೊಡ್ಡ ಕೊರತೆ. ಆದರೂ ಅಲ್ಲಿ ಕೊಟ್ಟದ್ದು ಅಳತೆಯ ಪ್ರಮಾಣ. ಲೋಟದಲ್ಲಿ ಮೊದಲ ವಾರ ಕಡು ಬಣ್ಣ, ದಿನ ಕಳೆದಂತೆ ಬರೀ ನೀರು. ಮಾತ್ರೆ ಬಿಟ್ಟು ಅದನ್ನೇ ನೆಚ್ಚಿಕೊಂಡವರಿಗೆ ಯಾವ ದಿನ ಎಷ್ಟು ಔಷಧ ಹೊಟ್ಟೆಗೆ ಹೋಯಿತೆಂದು ತಿಳಿಯುವ ದಾರಿಯೇ ಇಲ್ಲ.